ಒಲೆಯ ಉರಿ, ತಂತಿಯ ಬೆಳಕು



ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಗರ್ಭಿಣಿಯ ಆಹಾರವನ್ನೋ ಶಿಶುವಿನ ಲಸಿಕೆಯನ್ನೋ ಕುರಿತು ಓದಬಹುದೆಂದು ಪುಟ ತಿರುವಿದ ನಿಮಗೆ, ವೈದ್ಯನೊಬ್ಬನು ಸೌದೆ, ಒಲೆ, ವಿದ್ಯುಚ್ಛಕ್ತಿ ಎಂದು ಆರಂಭಿಸಿದರೆ ಆಶ್ಚರ್ಯವಾದೀತು. ವೈದ್ಯಕೀಯ ಕಾಲೇಜಿನಲ್ಲಿ ಒಲೆಯ ವಿಷಯವನ್ನು ನಮಗೆ ಕಲಿಸಲಿಲ್ಲವೆಂದು ಹೇಳುವಂತಿಲ್ಲ. ಕಲಿಸಿದ್ದರು, ನಾನು ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ. ಅದನ್ನು ಮತ್ತೆ ನೆನಪಿಗೆ ತಂದವರು ಒಬ್ಬ ರೋಗಿ ಮತ್ತು ಒಬ್ಬ ಆಶಾ ಕಾರ್ಯಕರ್ತೆ.

ನಾನು ಆಗ ತುಮಕೂರು ಜಿಲ್ಲೆಯ ಬಯಲುಸೀಮೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ನೇಮಕಗೊಂಡಿದ್ದೆ. ಸುಮಾರು ನಲವತ್ತು ವರ್ಷದ ಗೃಹಿಣಿಯೊಬ್ಬರು ಕೆಮ್ಮು, ಏದುಸಿರು ಎಂದು ಒಂದೇ ಮಳೆಗಾಲದಲ್ಲಿ ಮೂರು ಬಾರಿ ಬಂದರು. ಕಫದ ಪರೀಕ್ಷೆ ಮಾಡಿಸಿದೆ, ಕ್ಷಯ ಇರಲಿಲ್ಲ. ಬೀಡಿ, ಹೊಗೆಸೊಪ್ಪಿನ ಅಭ್ಯಾಸವುಂಟೇ ಎಂದು ಕೇಳಿದೆ, ಆಕೆ ನಕ್ಕುಬಿಟ್ಟರು. ಮಾತ್ರೆಯನ್ನೂ ಕೆಮ್ಮಿನ ಔಷಧಿಯನ್ನೂ ಕೊಟ್ಟು ಕಳುಹಿಸಿದೆ. ಮೂರನೆಯ ಸಲ ಅವರು ಹೊರಟುಹೋದ ಮೇಲೆ ಆ ಊರಿನ ಆಶಾ ಕಾರ್ಯಕರ್ತೆ, "ಸಾರ್, ಇನ್ನೊಮ್ಮೆ ಔಷಧಿ ಬರೆಯುವುದಕ್ಕೆ ಮುಂಚೆ ಆ ಅಕ್ಕನ ಅಡಿಗೆಮನೆಯನ್ನು ಒಂದು ಸಲ ನೋಡಿಬಿಡಿ" ಎಂದರು.

ಹೋಗಿ ನೋಡಿದೆ. ಎಂಟು ಅಡಿ ಉದ್ದ, ಆರು ಅಡಿ ಅಗಲದ ಕೋಣೆ. ಒಂದು ಬಾಗಿಲು ಇತ್ತು, ಕಿಟಕಿ ಇರಲಿಲ್ಲ. ಬಳ್ಳಾರಿ ಜಾಲಿಯ ಸೌದೆ ಉರಿಯುತ್ತಿದ್ದ ಜೋಡಿ ಒಲೆಯ ಮೇಲ್ಗಡೆ ಮಸಿಯು ಎಳೆಎಳೆಯಾಗಿ ಜೋತುಬಿದ್ದಿತ್ತು. ಹಗಲಿನಲ್ಲಿಯೂ ಅಲ್ಲಿ ವಿದ್ಯುದ್ದೀಪ ಉರಿಯುತ್ತಿತ್ತು. ಆದರೆ ಬಲ್ಬಿಗೆ ಹೊಗೆಯ ಲೇಪ ಹಿಡಿದು ಅದರ ಬೆಳಕು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಬಟ್ಟೆ ಹೊದಿಸಿದ ಗ್ಯಾಸ್ ಒಲೆ, ಅದರ ಪಕ್ಕದಲ್ಲಿ ಬರಿದಾದ ಸಿಲಿಂಡರು. ಜಗಲಿಯಲ್ಲಿ ಕುಳಿತಿದ್ದ ಮನೆಯ ಯಜಮಾನರು, "ಕರೆಂಟೂ ಇದೆ, ಗ್ಯಾಸೂ ಇದೆ ಡಾಕ್ಟರೇ, ದೇವರ ದಯೆಯಿಂದ ನಮ್ಮ ಮನೆಯಲ್ಲಿ ಏನೂ ಕೊರತೆಯಿಲ್ಲ" ಎಂದರು. ಅವರು ಸುಳ್ಳು ಹೇಳಿರಲಿಲ್ಲ. ಆ ಊರಿನ ಗುಡ್ಡವೇರಿ ನೋಡಿದರೆ ಪಾವಗಡದ ಸೌರಫಲಕಗಳು ದೂರದಲ್ಲಿ ಕೆರೆಯ ನೀರಿನಂತೆ ಹೊಳೆಯುತ್ತವೆ. ನಾಡಿಗೆಲ್ಲ ವಿದ್ಯುತ್ತನ್ನು ಕಳುಹಿಸುವ ಬಯಲಿನ ಸಮೀಪದಲ್ಲಿಯೇ ಈ ಅಡಿಗೆಮನೆಯಿತ್ತು.

ಮನೆಯ ಶಕ್ತಿಯ ಲೆಕ್ಕ

ನಿಮ್ಮ ಮನೆಯಲ್ಲಿ ದಿನವೊಂದಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ನೀವು ವಿದ್ಯುತ್ ಬಿಲ್ಲನ್ನು ತೆಗೆದು ತೋರಿಸುವಿರಿ. ಅದರಲ್ಲಿ 'ಯೂನಿಟ್' ಎಂಬ ಅಳತೆಯಿರುತ್ತದೆ. ಸಾವಿರ ವ್ಯಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆಯ ಕಾಲ ನಡೆದರೆ ಖರ್ಚಾಗುವ ವಿದ್ಯುತ್ತೇ ಒಂದು ಯೂನಿಟ್. ಹಿಂದಿನ 60 ವ್ಯಾಟ್ ಬಲ್ಬು ಸುಮಾರು 17 ಗಂಟೆ ಉರಿದರೆ ಒಂದು ಯೂನಿಟ್ ಆಗುತ್ತಿತ್ತು. ಈಗಿನ 9 ವ್ಯಾಟ್ ಎಲ್‌ಇಡಿ ಬಲ್ಬು ಅಷ್ಟೇ ಖರ್ಚಿನಲ್ಲಿ 110 ಗಂಟೆ ಉರಿಯುತ್ತದೆ. ನಾಲ್ಕು ದೀಪ, ಒಂದು ಫ್ಯಾನು, ಒಂದು ದೂರದರ್ಶನ ಪೆಟ್ಟಿಗೆ, ಚಟ್ನಿಗೆ ಮಿಕ್ಸಿ ಇಷ್ಟಿರುವ ಮನೆಯಲ್ಲಿ ದಿನಕ್ಕೆ ಎರಡು ಯೂನಿಟ್ಟಿನ ಆಸುಪಾಸಿನಲ್ಲಿ ಖರ್ಚು ಬರುತ್ತದೆ. ತಿಂಗಳಿಗೆ ಐವತ್ತು ಅರವತ್ತು ಯೂನಿಟ್ ಬಳಸುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ.

ಇನ್ನು ಒಲೆಯ ಕಡೆಗೆ ಬನ್ನಿ. ಅದಕ್ಕೆ ಮೀಟರು ಇಲ್ಲ. ಎರಡು ಹೊತ್ತಿನ ಅಡಿಗೆಗೆ ಒಂದು ಸಂಸಾರ ಐದು ಕಿಲೋ ಸೌದೆಯನ್ನು ಉರಿಸುವುದೆಂದು ಇಟ್ಟುಕೊಳ್ಳೋಣ. ಸ್ನಾನದ ಹಂಡೆಯ ಲೆಕ್ಕ ಬೇರೆ. ಒಣಗಿದ ಒಂದು ಕಿಲೋ ಸೌದೆಯಲ್ಲಿ ನಾಲ್ಕು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚಿನ ಶಾಖ ಅಡಗಿದೆ. ಅಂದರೆ ಐದು ಕಿಲೋ ಸೌದೆಯಲ್ಲಿ ಇಪ್ಪತ್ತು ಯೂನಿಟ್ಟಿಗೂ ಮಿಗಿಲು. ಬಿಲ್ಲಿನಲ್ಲಿ ಕಾಣುವ ಎರಡು ಯೂನಿಟ್ಟಿನ ಹತ್ತು ಪಟ್ಟು ಶಕ್ತಿಯು ಯಾರ ಲೆಕ್ಕಕ್ಕೂ ಸಿಗದೆ ನಿಮ್ಮ ಒಲೆಯಲ್ಲಿ ಪ್ರತಿದಿನ ಉರಿದುಹೋಗುತ್ತಿದೆ. ಮೂರು ಕಲ್ಲಿನ ಒಲೆಯಲ್ಲಿ ಆ ಶಾಖದ ನೂರು ಪಾಲಿನಲ್ಲಿ ಹತ್ತರಿಂದ ಹದಿನೈದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದುದು ಗೋಡೆಗೆ, ಗಾಳಿಗೆ, ಒಲೆಯ ಮುಂದೆ ಕುಳಿತವರ ಮುಖಕ್ಕೆ.

ಸೌದೆಯ ಬೆಲೆ ಶೂನ್ಯವೆಂದು ನಾವು ಭಾವಿಸುತ್ತೇವೆ, ಏಕೆಂದರೆ ಅದನ್ನು ಹೊತ್ತು ತರುವವರಿಗೆ ಕೂಲಿಯಿಲ್ಲ. ಈ ಮಾತನ್ನು ನಾನು ಗಂಡಸರಿಗೆಂದೇ ಹೇಳುತ್ತಿದ್ದೇನೆ.

ತಂತಿಯ ಆಚೆ ತುದಿಯಲ್ಲಿ ಏನಿದೆ?

ಸೈಕಲ್ಲಿಗೆ ಡೈನಮೋ ಕಟ್ಟಿ ರಾತ್ರಿ ಊರಿಗೆ ಮರಳಿದವರು ನಿಮ್ಮ ಹಿರಿಯರಲ್ಲಿ ಇದ್ದೇ ಇರುತ್ತಾರೆ. ಚಕ್ರ ತಿರುಗಿದರೆ ದೀಪ, ನಿಂತರೆ ಕತ್ತಲೆ. ತಾಮ್ರದ ತಂತಿಯ ಸುರುಳಿಯ ಸಮೀಪದಲ್ಲಿ ಅಯಸ್ಕಾಂತವು ತಿರುಗಿದಾಗ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ ಎಂಬುದೇ ಅದರ ಮರ್ಮ. ಸೂರ್ಯನ ಬಿಸಿಲಿನಿಂದ ನೇರವಾಗಿ ವಿದ್ಯುತ್ತನ್ನು ಪಡೆಯುವ ಫಲಕಗಳನ್ನು ಬಿಟ್ಟರೆ, ನಮ್ಮ ದೊಡ್ಡ ವಿದ್ಯುದಾಗಾರಗಳೆಲ್ಲವೂ ಭಾರೀ ಗಾತ್ರದ ಡೈನಮೋಗಳೇ ಆಗಿವೆ. ಅವುಗಳನ್ನು ತಿರುಗಿಸುವುದು ಯಾವುದು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ನಮ್ಮ ನಾಡಿನಲ್ಲಿ ಮೊದಲು ತಿರುಗಿಸಿದ್ದು ಕಾವೇರಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯು 1902ರಲ್ಲಿ ಕೆಲಸಕ್ಕೆ ತೊಡಗಿದಾಗ ಅಲ್ಲಿನ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಅದೇ ನದಿಯ ದಡದ ಹಳ್ಳಿಗಳ ಗೃಹಿಣಿಯರು ಮಾತ್ರ ಇನ್ನೂ ಬಹುಕಾಲ ಹರಳೆಣ್ಣೆಯ ಹಣತೆಯಲ್ಲಿಯೇ ಅಡಿಗೆ ಮಾಡಬೇಕಾಯಿತು. ವಿದ್ಯುತ್ತು ಮೊದಲು ಗಣಿಗೆ, ಆಮೇಲೆ ಪಟ್ಟಣಕ್ಕೆ, ಕೊನೆಗೆ ಹಳ್ಳಿಗೆ ಬಂದಿತು. ಹಳ್ಳಿಯೊಳಗೆ ಬಂದಾಗಲೂ ಮೊದಲು ಪಡಸಾಲೆಗೆ, ಕೊನೆಗೆ ಅಡಿಗೆಮನೆಗೆ.

ಅನಂತರ ಶರಾವತಿಯ ಸರದಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಮಲೆನಾಡಿನಲ್ಲಿ ಸುರಿದ ಮಳೆಯನ್ನು ಕಟ್ಟಿಹಾಕಿ, ಬೇಕೆಂದಾಗ ಕೊಳವೆಯಲ್ಲಿ ಇಳಿಯಬಿಟ್ಟು ಚಕ್ರಗಳನ್ನು ತಿರುಗಿಸುವ ಈ ವಿಧಾನದಲ್ಲಿ ಹೊಗೆಯಿಲ್ಲ. ಆದರೆ ಆ ನೀರಿನಡಿಯಲ್ಲಿ ಹಳ್ಳಿಗಳು ಮುಳುಗಿದವು. ಅಲ್ಲಿಂದ ಎದ್ದುಹೋದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ನಾವು ದೀಪ ಹಚ್ಚುವಾಗ ಅವರನ್ನು ನೆನೆಯುವುದಿಲ್ಲ.

ಮಳೆ ಕೈಕೊಟ್ಟ ವರ್ಷ ನೀರನ್ನೇ ನಂಬಿ ಕುಳಿತರೆ ನಾಡು ಕತ್ತಲಾಗುತ್ತದೆ. ಆದುದರಿಂದ ಕಲ್ಲಿದ್ದಲು ಬಂದಿತು. ರಾಯಚೂರು ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾದುದು 1985ರಲ್ಲಿ. ಇಂದು ಅಲ್ಲಿ ಎಂಟು ಘಟಕಗಳಿದ್ದು ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್. ಸಿಂಗರೇಣಿ ಮುಂತಾದ ಗಣಿಗಳಿಂದ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಅದನ್ನು ಪುಡಿಮಾಡಿ ಉರಿಸಿ, ನೀರನ್ನು ಆವಿಯಾಗಿಸಿ, ಆ ಆವಿಯ ಒತ್ತಡದಿಂದ ಚಕ್ರವನ್ನು ತಿರುಗಿಸುತ್ತಾರೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮುಕ್ಕಾಲು ಕಿಲೋ ಕಲ್ಲಿದ್ದಲು ಬೇಕು. ಅಲ್ಲಿಯ ಬೂದಿ, ಅಲ್ಲಿಯ ಹೊಗೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಸ್ಥಾವರದ ಸುತ್ತಲಿನ ಊರುಗಳವರಿಗೆ ಬೀಳುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ನನಗೆ ಆ ಮುಕ್ಕಾಲು ಕಿಲೋ ನೆನಪಾಗುತ್ತದೆ. ಬಿಲ್ಲು ಬಾರದಿದ್ದರೂ ಇದ್ದಲು ಉರಿದಿರುತ್ತದೆ. ಕಾರವಾರ ಸಮೀಪದ ಕೈಗಾದಲ್ಲಿ ಅಣುಶಕ್ತಿಯ ಶಾಖದಿಂದ ಇದೇ ರೀತಿ ಆವಿ ಮಾಡುತ್ತಾರೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತದೆ.

ಪಾವಗಡದ್ದು ಬೇರೆ ಕಥೆ. ತಿರುಮಣಿ ಮತ್ತು ಸುತ್ತಲಿನ ಹಳ್ಳಿಗಳ ಸುಮಾರು 13,000 ಎಕರೆ ಭೂಮಿಯಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು 2019ರ ಕೊನೆಯ ವೇಳೆಗೆ ಪೂರ್ಣವಾಯಿತು. ರೈತರು ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆಯೇ ಕಾಣದ ಸೀಮೆಯಲ್ಲಿ ಬಿಸಿಲನ್ನು ಬೆಳೆಯಾಗಿ ಕೊಯ್ದಂತಾಯಿತು. ಆದರೆ ಗುತ್ತಿಗೆಯ ಹಣ ಭೂಮಿಯಿದ್ದವರಿಗೆ ಬಂದಿತೇ ಹೊರತು ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬರಲಿಲ್ಲ. ಇನ್ನು, ಸೂರ್ಯ ಮುಳುಗಿದೊಡನೆ ಫಲಕಗಳು ಸುಮ್ಮನಾಗುತ್ತವೆ. ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲಿ ದೀಪ ಹತ್ತುವಾಗ ಭಾರ ಹೊರುವುದು ಮುಖ್ಯವಾಗಿ ಶರಾವತಿಯಂಥ ನದಿಗಳೂ ರಾಯಚೂರಿನಂಥ ಇದ್ದಲಿನ ಸ್ಥಾವರಗಳೂ. ಹಿಟ್ಟು ರುಬ್ಬುವುದು, ಬಟ್ಟೆಗೆ ಇಸ್ತ್ರಿ ಹಾಕುವುದು, ಪಂಪು ನಡೆಸುವುದು ಇವನ್ನು ಹಗಲಿನಲ್ಲಿ ಮುಗಿಸಿಕೊಂಡರೆ ಬಿಸಿಲಿನ ವಿದ್ಯುತ್ತು ಬಳಕೆಯಾಗುತ್ತದೆ.

ಇವೆಲ್ಲ ಕಡೆಗಳಿಂದ ಬಂದ ವಿದ್ಯುತ್ತು ಎತ್ತರದ ಗೋಪುರಗಳ ತಂತಿಯಲ್ಲಿ ಲಕ್ಷಗಟ್ಟಲೆ ವೋಲ್ಟಿನಲ್ಲಿ ಹರಿದು, ಉಪಕೇಂದ್ರಗಳಲ್ಲಿ ಇಳಿದು, ಊರ ಮುಂದಿನ ಟ್ರಾನ್ಸ್‌ಫಾರ್ಮರಿಗೆ 11,000 ವೋಲ್ಟಿನಲ್ಲಿ ಬಂದು, ಮನೆಗೆ 230 ವೋಲ್ಟಾಗಿ ಒಳಹೊಗುತ್ತದೆ. ನಮ್ಮ ಆರೋಗ್ಯ ಕೇಂದ್ರದ ಲಸಿಕೆಗಳು 2ರಿಂದ 8 ಡಿಗ್ರಿಯ ತಂಪಿನಲ್ಲಿ ಉಳಿಯುವುದು, ನಡುರಾತ್ರಿಯ ಹೆರಿಗೆಗೆ ದೀಪ ಸಿಗುವುದು ಈ ತಂತಿಯಿಂದಲೇ. ವಿದ್ಯುತ್ತಿಗೆ ನಾನು ಕೃತಜ್ಞ. ಆದರೆ ಅದು ಮನೆಗೆ ಬಂದ ಮಾತ್ರಕ್ಕೆ ಮನೆಯ ಹೊಗೆ ಹೋಗಲಿಲ್ಲ.

ಹೊಗೆ ದೇಹದಲ್ಲಿ ಮಾಡುವ ಕೆಲಸ

ಸೌದೆ, ಬೆರಣಿ, ತೊಗರಿ ಕಡ್ಡಿ ಇವು ಪೂರ್ತಿಯಾಗಿ ಉರಿಯುವುದಿಲ್ಲ. ಅರೆಬರೆ ಉರಿದ ಕಣಗಳು ಹೊಗೆಯಾಗಿ ಏಳುತ್ತವೆ. ಗೋಡೆಗೆ ಅಂಟುವ ದಪ್ಪ ಮಸಿಗಿಂತ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಹೆಚ್ಚು ಅಪಾಯಕಾರಿ. ಅವು ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಕ್ಕದೆ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಗಾಳಿಯಾಡದ ಅಡಿಗೆಮನೆಯಲ್ಲಿ ಇಂಥ ಕಣಗಳು ಸುರಕ್ಷಿತ ಮಟ್ಟದ ನೂರು ಪಟ್ಟು ಇರಬಹುದು. ಬೀಡಿಯನ್ನು ಮುಟ್ಟದ ಹೆಂಗಸಿಗೆ ಬೀಡಿ ಸೇದುವವನ ಕಾಯಿಲೆ ಬರುವುದು ಹೀಗೆ. ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ, ಕಫ ತುಂಬುತ್ತದೆ, ಮೊದಲು ಬೆಳಗಿನ ಕೆಮ್ಮು, ಆಮೇಲೆ ಬಿಂದಿಗೆ ಹೊತ್ತು ಬರುವಾಗ ಏದುಸಿರು, ಕೊನೆಗೆ ಕುಳಿತಲ್ಲಿಯೇ ಏದುಸಿರು. ಹಾಳಾದ ಗಾಳಿಚೀಲ ಮತ್ತೆ ಚಿಗುರುವುದಿಲ್ಲ. ಕಣ್ಣಿನ ಪೊರೆ, ಹೃದಯಾಘಾತ, ಪಾರ್ಶ್ವವಾಯು ಇವುಗಳ ಸಂಭವವೂ ಹೆಚ್ಚುತ್ತದೆ. ಮನೆಯೊಳಗಿನ ಹೊಗೆಯ ಕಾರಣದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ಮಕ್ಕಳ ವಿಷಯ ಇನ್ನೂ ಗಂಭೀರ. ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡೋ ಬೆನ್ನಿಗೆ ಕಟ್ಟಿಕೊಂಡೋ ಒಲೆ ಊದುತ್ತಾಳೆ. ಹೊಗೆಯಲ್ಲಿ ಬೆಳೆಯುವ ಎಳೆಯ ಮಗುವಿಗೆ ನ್ಯುಮೋನಿಯಾ ತಗಲುವ ಸಂಭವ ಹೆಚ್ಚುಕಡಿಮೆ ಇಮ್ಮಡಿ. ಕೆಮ್ಮುತ್ತಿರುವ ಮಗುವಿನ ಉಸಿರನ್ನು, ಅದು ಅಳದೆ ಸುಮ್ಮನಿರುವಾಗ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿರಿ. ಎರಡು ತಿಂಗಳಿನೊಳಗಿನ ಕೂಸಿಗೆ 60, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಇಲ್ಲವೆ ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆತರಬೇಕು. ಕಷಾಯ ಆಮೇಲೆ ಕುಡಿಸಬಹುದು.

ಹೊಗೆಯೊಡನೆ ಬರುವ ಇನ್ನೊಂದು ವಿಷ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗರ್ಭಿಣಿಯ ರಕ್ತದಲ್ಲಿ ಅದು ಸೇರಿದರೆ ಹೊಟ್ಟೆಯೊಳಗಿನ ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ರಕ್ತಹೀನತೆಯಿರುವ ಗರ್ಭಿಣಿಯಾದರೆ ಕಷ್ಟ ಮತ್ತಷ್ಟು. ನಮ್ಮ ಸೀಮೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಬಾಣಂತಿಗೆ ಶೀತವಾಗಬಾರದೆಂದು ಕಿಟಕಿಗೆ ಗೋಣಿಚೀಲ ತುರುಕಿ, ಬಾಗಿಲನ್ನು ಮುಚ್ಚಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆಯನ್ನು ಇಡುತ್ತಾರೆ. ಕೆಂಡದಲ್ಲಿ ಹೊಗೆ ಕಾಣದೆ ಇರುವುದರಿಂದ ಯಾರಿಗೂ ಅನುಮಾನ ಬಾರದು. ಮುಚ್ಚಿದ ಕೋಣೆಯ ಕೆಂಡದಿಂದ ತಾಯಿ ಮಗು ಇಬ್ಬರೂ ನಿದ್ರೆಯಲ್ಲಿಯೇ ಪ್ರಾಣ ಬಿಡಬಹುದು. ಬೆಚ್ಚಗಿಡಲು ಕಂಬಳಿಯಿದೆ, ಟೋಪಿಯಿದೆ. ಎಲ್ಲಕ್ಕಿಂತ ಮಿಗಿಲಾಗಿ ತಾಯಿಯ ಎದೆಗೆ ಮಗುವನ್ನು ಮೈಗೆ ಮೈ ತಾಗಿಸಿ ಮಲಗಿಸುವ ವಿಧಾನವಿದೆ. ಸ್ನಾನವಾದ ಮೇಲೆ ಕೂಸಿಗೆ ಸಾಂಬ್ರಾಣಿಯ ಹೊಗೆ ಹಿಡಿಯುವುದನ್ನೂ ಬಿಡಬೇಕೆಂದು ಅಜ್ಜಿಯರಲ್ಲಿ ನನ್ನ ವಿನಂತಿ. ಇದನ್ನು ಹೇಳಿದಾಗಲೆಲ್ಲ ಅವರು ನನ್ನನ್ನು ಬೈದಿದ್ದಾರೆ, ಆದರೂ ಹೇಳುತ್ತೇನೆ.

ಒಂದು ಮಾತನ್ನು ಮುಚ್ಚಿಡಬಾರದು. ತಮಿಳುನಾಡು ಸೇರಿದಂತೆ ನಾಲ್ಕು ದೇಶಗಳ ಪ್ರದೇಶಗಳಲ್ಲಿ ಗರ್ಭಿಣಿಯರಿಗೆ ಗ್ಯಾಸ್ ಒಲೆ ಕೊಟ್ಟು ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊಗೆಯೇನೋ ಬಹಳ ಇಳಿಯಿತು. ಹುಟ್ಟಿದ ಮಕ್ಕಳ ತೂಕದಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಗರ್ಭಧಾರಣೆಯಾದ ಮೇಲೆ ಕೆಲವು ತಿಂಗಳು ಹೊಗೆಯನ್ನು ಬಿಟ್ಟರೆ ಸಾಲದು, ಮೊದಲಿನಿಂದಲೇ ಬಿಟ್ಟಿರಬೇಕು ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಮದುವೆಯಾದ ಹೊಸದರಲ್ಲಿಯೇ ಒಲೆಯ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಿರೆಂದು ಹೇಳುವುದು ಆ ಕಾರಣದಿಂದ.

ಯಾವ ಒಲೆ?

ಗ್ಯಾಸಿನ ಸಂಪರ್ಕವು ಈಗ ಬಹುಪಾಲು ಮನೆಗಳಲ್ಲಿದೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಲ್ಲಿ ಸಂಪರ್ಕವನ್ನು ಮನೆಯ ಹೆಂಗಸಿನ ಹೆಸರಿಗೆ ಕೊಡುತ್ತಾರೆ. ಆದರೆ ಸಿಲಿಂಡರು ಬರಿದಾದಾಗ ಅದನ್ನು ತುಂಬಿಸುವ ಹಣ ಯಾರ ಜೇಬಿನಲ್ಲಿದೆ? ಅಡಿಗೆಯನ್ನೆಲ್ಲ ಗ್ಯಾಸಿನಲ್ಲಿಯೇ ಮಾಡಿದರೆ 14.2 ಕಿಲೋ ಸಿಲಿಂಡರು ನಾಲ್ಕೈದು ಜನರ ಸಂಸಾರಕ್ಕೆ ಸುಮಾರು ನಲವತ್ತು ದಿನ ಬರುತ್ತದೆ, ಅಂದರೆ ವರ್ಷಕ್ಕೆ ಒಂಬತ್ತು ಬೇಕು. ವರ್ಷಕ್ಕೆ ಎರಡೋ ಮೂರೋ ತುಂಬಿಸುವ ಮನೆಯಲ್ಲಿ ಚಹಾ ಮಾತ್ರ ಗ್ಯಾಸಿನಲ್ಲಿ ಆಗುತ್ತಿದೆ, ಮುದ್ದೆ ಸಾರುಗಳು ಸೌದೆಯಲ್ಲಿ ಆಗುತ್ತಿವೆ ಎಂದು ತಿಳಿಯಬಹುದು. ಅಂಥ ಮನೆಯ ಶ್ವಾಸಕೋಶಕ್ಕೆ ಗ್ಯಾಸಿನಿಂದ ಹೆಚ್ಚು ಲಾಭವಿಲ್ಲ. ದಂಪತಿಗಳು ಒಟ್ಟಿಗೆ ಕುಳಿತು, ಸುಗ್ಗಿಯ ಹಣ ಬಂದಾಗ, ಗೊಬ್ಬರ ಬೀಜಗಳಿಗೆ ತೆಗೆದಿಡುವಂತೆಯೇ ಈ ಒಂಬತ್ತಕ್ಕೂ ತೆಗೆದಿಡುವುದೊಂದೇ ದಾರಿ. ಅಷ್ಟು ಸಾಧ್ಯವಿಲ್ಲವೆನ್ನುವವರು ಗರ್ಭಿಣಿ, ಬಾಣಂತಿ, ಐದು ವರ್ಷದೊಳಗಿನ ಮಗು ಮನೆಯಲ್ಲಿರುವ ಕಾಲಕ್ಕಾದರೂ ಪೂರ್ತಿ ಗ್ಯಾಸಿಗೆ ಬರಬೇಕು.

ದನಕರುಗಳಿರುವವರಿಗೆ ಗೋಬರ್ ಗ್ಯಾಸು ಉತ್ತಮ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸೆಗಣಿ, ಸುಮಾರು ಅಷ್ಟೇ ನೀರು ಬೇಕು; ನಾಲ್ಕೈದು ದನಗಳಿದ್ದರೆ ಸಾಕು. ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಸೆಗಣಿಯನ್ನು ಕೊಳೆಸಿದಾಗ ಹುಟ್ಟುವ ಅನಿಲವು ನೀಲಿ ಜ್ವಾಲೆಯಾಗಿ, ಹೊಗೆಯಿಲ್ಲದೆ ಉರಿಯುತ್ತದೆ. ಹೊರಬರುವ ಬಗ್ಗಡವು ಹೊಲಕ್ಕೆ ಒಳ್ಳೆಯ ಗೊಬ್ಬರ. ಬೆರಣಿ ತಟ್ಟಿ ಸುಟ್ಟರೆ ಆ ಗೊಬ್ಬರವೂ ಇಲ್ಲ. ಉತ್ತರ ಕನ್ನಡದ ಶಿರಸಿ ಸೀಮೆಯಲ್ಲಿ ತೋಟಿಗರ ಮನೆಮನೆಯ ಹಿತ್ತಿಲಲ್ಲಿ ಇದನ್ನು ಕಾಣಬಹುದು. ಕೊಟ್ಟಿಗೆಯಲ್ಲಿ ದನವಿದೆ, ಬಾವಿಯಲ್ಲಿ ನೀರಿದೆ, ಆದುದರಿಂದ ಅಲ್ಲಿ ನಡೆಯಿತು. ಬೇಸಗೆಯಲ್ಲಿ ಕುಡಿಯಲೇ ನೀರಿಲ್ಲದ, ಎರಡು ಮೇಕೆ ಮಾತ್ರವಿರುವ ಮನೆಗೆ ಇದನ್ನು ಕಟ್ಟಿಸಿಕೊಳ್ಳಿರೆಂದು ಹೇಳುವುದು ಉಪದೇಶವಾದೀತೇ ಹೊರತು ಉಪಕಾರವಾಗದು.

ವಿದ್ಯುತ್ತಿನಿಂದ ಅಡಿಗೆ ಮಾಡಬಹುದೇ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಇಂಡಕ್ಷನ್ ಒಲೆಯಲ್ಲಿ ಶಾಖದ ಬಹುಭಾಗ ನೇರವಾಗಿ ಪಾತ್ರೆಗೆ ಸೇರುವುದರಿಂದ, ಸೌದೆಯ ಇಪ್ಪತ್ತು ಯೂನಿಟ್ಟಿನ ಕೆಲಸವನ್ನು ಮೂರು ಯೂನಿಟ್ಟಿನಲ್ಲಿ ಮುಗಿಸಬಹುದು. ತಿಂಗಳಿಗೆ ಸುಮಾರು 90 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಉಚಿತವೆಂದು ಕೇಳಿ ಅನೇಕರು ಲೆಕ್ಕ ತಪ್ಪುತ್ತಾರೆ. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಗೆ ತಕ್ಕಂತೆ ಉಚಿತ ಮಿತಿಯನ್ನು ನಿಗದಿ ಮಾಡಿರುತ್ತಾರೆ. ಅದನ್ನು ಮೀರಿದ ಯೂನಿಟ್ಟುಗಳಿಗೆ ಹಣ ಕೊಡಬೇಕು. 200ನ್ನೇ ಮೀರಿದರೆ ಪೂರ್ತಿ ಬಿಲ್ಲು. ನಿಮ್ಮ ಮಿತಿ ಎಷ್ಟೆಂದು ಬಿಲ್ಲಿನಲ್ಲಿ ನೋಡಿಕೊಂಡು ತೀರ್ಮಾನಿಸಿರಿ. ಅಲ್ಯೂಮಿನಿಯಂ ಪಾತ್ರೆ ಸಾಮಾನ್ಯ ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುವುದಿಲ್ಲ, ಅಯಸ್ಕಾಂತ ಅಂಟುವ ತಳದ ಪಾತ್ರೆ ಬೇಕು. ಮುದ್ದೆ ತಿರುವುವ ಸಮಸ್ಯೆಯನ್ನು ಒಬ್ಬ ತಾಯಿ ನನಗೆ ತಿಳಿಸಿದರು. ಗಾಜಿನಂತಹ ನುಣುಪಾದ ಮೈಯ ಮೇಲೆ ಕೋಲು ಹಾಕಿ ತಿರುವಿದರೆ ಪಾತ್ರೆಯೇ ತಿರುಗುತ್ತದೆ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಲ್ಲಿ ಒತ್ತಿಹಿಡಿದು ತಿರುವುವುದನ್ನು ಅವರೇ ಕಂಡುಕೊಂಡಿದ್ದಾರೆ.

ಸೌದೆಯನ್ನು ಬಿಡಲಾರದವರು ಒಲೆಯನ್ನಾದರೂ ಬದಲಿಸಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆಂದೇ ಮೀಸಲಾದ 'ಅಸ್ತ್ರ' ಕೇಂದ್ರದವರು ಮೂರು ಪಾತ್ರೆಗಳನ್ನು ಒಟ್ಟಿಗೆ ಇಡಬಹುದಾದ, ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದರು. ಅದರಲ್ಲಿ ಸೌದೆಯೂ ಉಳಿಯುತ್ತದೆ, ಹೊಗೆಯೂ ಸೂರಿನ ಮೇಲಕ್ಕೆ ಹೋಗುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮತ್ತೆ ಒಳಗೇ ಬರುತ್ತದೆ. ಇಂಥ ಒಲೆಗಳು ಅನೇಕ ಮನೆಗಳಲ್ಲಿ ಮೂಲೆಗುಂಪಾದುದು ಇದೇ ಕಾರಣದಿಂದ. ಆ ಕೆಲಸ ಏಣಿ ಹತ್ತುವ ಕೆಲಸವಾದುದರಿಂದ ಗಂಡಸರದ್ದು. ಇವಾವುವೂ ಆಗದಿದ್ದರೆ ಎದುರುಬದುರು ಎರಡು ಕಿಟಕಿ ತೆಗೆಸಿ, ಒಲೆಯ ಮೇಲೆ ನಾಲ್ಕು ಹಂಚನ್ನು ಎತ್ತರಿಸಿ ಬೆಳಕಿಂಡಿ ಮಾಡಿಸಿ, ಒಣಗಿದ ಸಣ್ಣ ಸೀಳಿನ ಸೌದೆಯನ್ನೇ ಹಾಕಿರಿ. ಹುರುಳಿ, ಅವರೆಗಳನ್ನು ರಾತ್ರಿ ನೆನೆಸಿಟ್ಟರೆ ಬೇಯುವ ಹೊತ್ತು ಬಹಳ ಕಡಿಮೆಯಾಗುತ್ತದೆ. ಹಂಡೆಯ ಒಲೆ ಹಿತ್ತಿಲಿನಲ್ಲಿರಲಿ. ಪ್ಲಾಸ್ಟಿಕ್ ಹಾಳೆಯನ್ನು ಒಲೆ ಹೊತ್ತಿಸಲು ಬಳಸುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ; ಅದರ ಹೊಗೆ ಸೌದೆಯ ಹೊಗೆಗಿಂತ ಕೆಟ್ಟದ್ದು.

ವಿದ್ಯುತ್ತಿನ ಬಗ್ಗೆ ಎರಡೇ ಮಾತು. ಒದ್ದೆಯ ಕೈಯಿಂದ ಸ್ವಿಚ್ಚನ್ನಾಗಲಿ, ನೀರು ಕಾಯಿಸುವ ಕಂಬಿಯನ್ನಾಗಲಿ ಮುಟ್ಟಬಾರದು; ತಂತಿಗೆ ಕೊಕ್ಕೆ ಹಾಕಬಾರದು. ವಿದ್ಯುದಾಘಾತವಾದವರನ್ನು ಬರಿಗೈಯಿಂದ ಎಳೆಯದೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಕರೆಮಾಡಿ. ಮೇಲ್ನೋಟಕ್ಕೆ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ತರಬೇಕು. ಬೀದಿಯ ತಂತಿ ಕಡಿದುಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ, ಗ್ಯಾಸು ಸೋರುತ್ತಿದ್ದರೆ ಬೆಂಕಿ, ಸ್ವಿಚ್ಚುಗಳನ್ನು ಮುಟ್ಟದೆ ಹೊರಗೆ ಬಂದು 1906ಕ್ಕೆ ತಿಳಿಸಿರಿ.

ಕೆಮ್ಮೆಂದು ನಮ್ಮ ಬಳಿ ಬಂದಾಗ, ವೈದ್ಯರು ಕೇಳದಿದ್ದರೂ, ಮನೆಯಲ್ಲಿ ಯಾವ ಒಲೆಯಲ್ಲಿ ಅಡಿಗೆಯಾಗುತ್ತದೆ, ಎಷ್ಟು ವರ್ಷದಿಂದ ಎಂಬುದನ್ನು ನೀವಾಗಿಯೇ ಹೇಳಿರಿ. ನಾನು ಕೇಳದೆ ಹೋದ ಆ ಪ್ರಶ್ನೆಯಿಂದ ಒಬ್ಬರಿಗೆ ಒಂದು ಮಳೆಗಾಲವೆಲ್ಲ ನಷ್ಟವಾಯಿತು. ಅವರನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ ಉಸಿರು ಊದುವ ಪರೀಕ್ಷೆ ಮಾಡಿಸಿದಾಗ, ಆ ವಯಸ್ಸಿಗೆ ಇರಬೇಕಾದ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉಳಿದಿತ್ತು. ಯಜಮಾನರು ಆ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತಿದ್ದರು. ಅದೇ ಬೇಸಗೆಯಲ್ಲಿ ಅಡಿಗೆಮನೆಯ ಗೋಡೆಯನ್ನು ಒಡೆಸಿ ಕಿಟಕಿ ಇಡಿಸಿದರು. ಸೌದೆ ಒಲೆ ಹಿತ್ತಿಲಿನ ಚಪ್ಪರಕ್ಕೆ ಹೋಯಿತು, ಈಗ ಅದರಲ್ಲಿ ಸ್ನಾನದ ನೀರು ಮಾತ್ರ ಕಾಯುತ್ತದೆ. ಆಕೆಯ ಕೆಮ್ಮು ಕೆಲವು ತಿಂಗಳುಗಳಲ್ಲಿ ಇಳಿಯಿತು. ಕಳೆದುಹೋದ ಉಸಿರು ಬರಲಿಲ್ಲ; ಗುಡ್ಡದ ದೇವಸ್ಥಾನಕ್ಕೆ ಹೋಗುವಾಗ ಈಗಲೂ ನಡುವೆ ಎರಡು ಕಡೆ ಕುಳಿತೇ ಹತ್ತುತ್ತಾರೆ. ಅವರ ಸೊಸೆ ಏಳು ತಿಂಗಳ ಗರ್ಭಿಣಿ. ಕಳೆದ ತಿಂಗಳು ತಪಾಸಣೆಗೆ ಬಂದಾಗ ತಾಯಿ ಕಾರ್ಡಿನ ಜೊತೆಗೆ ಗ್ಯಾಸಿನ ಪುಸ್ತಕವನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದರು. ಆಸ್ಪತ್ರೆಯ ಕೆಲಸ ಮುಗಿಸಿ ಅಲ್ಲಿಂದ ನೇರವಾಗಿ ಸಿಲಿಂಡರಿಗೆ ಹೇಳಿ ಬರುವುದಿತ್ತಂತೆ.